ಟಿವಿಯಲ್ಲಿ ಫುಟ್‌ಬಾಲ್: ಜನಪ್ರಿಯತೆ ಶಿಖರ ದಾಟಿತೇ?

ಕಳೆದ ಆಗಸ್ಟ್‌ನಲ್ಲಿ ಒಂದು ರಾತ್ರಿ ಊಟದ ಹೊತ್ತಿಗೆ ನಮ್ಮ ಮನೆಯಲ್ಲಿ ಚರ್ಚೆಯೊಂದು ಶುರುವಾಯಿತು. ನನ್ನ ತಮ್ಮ ಎಂಟನೇ ತರಗತಿಯಲ್ಲಿದ್ದಾನೆ. ಶಾಲೆಯ ಫುಟ್‌ಬಾಲ್ ತಂಡದಲ್ಲಿ ಆಡುತ್ತಾನೆ. ಸಂಜೆ ನೆಹರೂ ಮೈದಾನಕ್ಕೆ ಹೋಗದಿದ್ದರೆ ಅವನಿಗೆ ಊಟ ಸೇರುವುದಿಲ್ಲ. ಹೊರ ಊರಿನ ಒಂದು ತರಬೇತಿ ಕೇಂದ್ರದ ಆಯ್ಕೆ ಶಿಬಿರಕ್ಕೆ ಕಳಿಸಿ ಎಂದು ಅವನ ಕೋಚ್ ಹೇಳಿದ್ದರು. ಅಬ್ಬಾ ಅರ್ಧ ಒಪ್ಪಿದ್ದರು. ಅಷ್ಟರಲ್ಲಿ ಸುದ್ದಿ ಬಂತು: ಇಂಡಿಯನ್ ಸೂಪರ್ ಲೀಗ್ ಈ ವರ್ಷ ನಡೆಯುವುದೋ ಇಲ್ಲವೋ ಗೊತ್ತಿಲ್ಲ, ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಸದ್ಯಕ್ಕೆ ನಿಲ್ಲಿಸಿದೆ.

ಅಬ್ಬಾ ನನ್ನ ಕಡೆ ತಿರುಗಿ, “ಇಸ್‌ಮೆ ಕ್ಯಾ ಫ್ಯೂಚರ್ ಹೈ? ನೀನು ಕಾಮರ್ಸ್ ಅಲ್ಲವಾ, ಲೆಕ್ಕ ಹಾಕಿ ಹೇಳು” ಅಂದರು. ನಮ್ಮ ಮನೆಮಾತು ಉರ್ದು. ಆದರೆ ಲೆಕ್ಕಕ್ಕೆ ಭಾಷೆ ಇಲ್ಲ. ತಮ್ಮ ಮಾತ್ರ ಏನೂ ಹೇಳದೆ ತಟ್ಟೆ ನೋಡುತ್ತಿದ್ದ. ಅವನ ಮುಖ ನೋಡಿ ಈ ಲೆಕ್ಕವನ್ನು ಸರಿಯಾಗಿಯೇ ಹಾಕಬೇಕು ಅನ್ನಿಸಿತು. ಆ ಲೆಕ್ಕವನ್ನೇ ಇಲ್ಲಿ ಪಾಠದ ರೂಪದಲ್ಲಿ ಬರೆಯುತ್ತಿದ್ದೇನೆ. ಅರ್ಥಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ ಓದುವವರಿಗೆ ಇದರಲ್ಲಿ ಹೊಸ ಸೂತ್ರ ಯಾವುದೂ ಇಲ್ಲ. ತರಗತಿಯಲ್ಲಿ ಕಲಿತದ್ದನ್ನು ಮನೆಯ ಒಂದು ಪ್ರಶ್ನೆಗೆ ಬಳಸಿ ನೋಡಿದ್ದೇನೆ, ಅಷ್ಟೇ.

1. ಫುಟ್‌ಬಾಲ್ ಮತ್ತು ಟಿವಿಯ ಸಂಬಂಧ

ವೃತ್ತಿಪರ ಕ್ಲಬ್‌ಗೆ ಹಣ ಬರುವ ದಾರಿಗಳು ಮುಖ್ಯವಾಗಿ ನಾಲ್ಕು: ಟಿಕೆಟ್, ಪ್ರಾಯೋಜಕರು, ಆಟಗಾರರ ವರ್ಗಾವಣೆ, ಟಿವಿ ಹಕ್ಕು. ದೊಡ್ಡ ಲೀಗ್‌ಗಳಲ್ಲಿ ಟಿವಿ ಹಕ್ಕಿನ ಪಾಲು ಬಹಳ ದೊಡ್ಡದು. ಲೀಗ್ ತನ್ನ ಪಂದ್ಯಗಳನ್ನು ನೇರ ಪ್ರಸಾರ ಮಾಡುವ ಹಕ್ಕನ್ನು ಕೆಲವು ವರ್ಷಗಳಿಗೆ ಚಾನೆಲ್‌ಗಳಿಗೆ ಮಾರುತ್ತದೆ. ಚಾನೆಲ್ ಆ ಹಣವನ್ನು ಚಂದಾದಾರರಿಂದ ಮತ್ತು ಜಾಹೀರಾತಿನಿಂದ ವಾಪಸ್ ಪಡೆಯುತ್ತದೆ. ಆದ್ದರಿಂದ ಆಟಗಾರನ ಸಂಬಳಕ್ಕೂ ನಮ್ಮ ಮನೆಯ ರಿಮೋಟ್‌ಗೂ ಸಂಬಂಧವಿದೆ.

ಹಾಗಾದರೆ ಟಿವಿಯಲ್ಲಿ ಫುಟ್‌ಬಾಲ್‌ನ ಜನಪ್ರಿಯತೆ ಇನ್ನೂ ಏರುತ್ತಿದೆಯೇ, ಶಿಖರ ಮುಟ್ಟಿ ಇಳಿಯುತ್ತಿದೆಯೇ? ಇದಕ್ಕೆ ಉತ್ತರ ಹುಡುಕುವ ಮೊದಲು “ಜನಪ್ರಿಯತೆ”ಯನ್ನು ಯಾವುದರಿಂದ ಅಳೆಯುತ್ತೇವೆ ಎಂದು ತೀರ್ಮಾನಿಸಬೇಕು. ನೋಡುವವರ ಸಂಖ್ಯೆಯಿಂದ ಅಳೆಯಬಹುದು, ಹಕ್ಕಿಗೆ ಕೊಡುವ ಬೆಲೆಯಿಂದಲೂ ಅಳೆಯಬಹುದು. ಎರಡೂ ಒಂದೇ ಎಂದುಕೊಂಡರೆ ತಪ್ಪಾಗುತ್ತದೆ.

2. ಒಟ್ಟು ಮತ್ತು ಸರಾಸರಿ: ಇಂಗ್ಲೆಂಡಿನ ಉದಾಹರಣೆ

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 1992ರಲ್ಲಿ ಶುರುವಾಯಿತು. ಅದರ ಹಳೆಯ ಲೆಕ್ಕಗಳು ಸ್ಪಷ್ಟವಾಗಿ ಸಿಗುವುದರಿಂದ ಅಲ್ಲಿಂದಲೇ ಆರಂಭಿಸೋಣ. ಆ ದೇಶದೊಳಗಿನ ನೇರ ಪ್ರಸಾರದ ಒಪ್ಪಂದಗಳು ಹೀಗಿವೆ.

1992–97: 19.1 ಕೋಟಿ ಪೌಂಡ್, 5 ವರ್ಷ, ವರ್ಷಕ್ಕೆ 60 ಪಂದ್ಯ. ಒಂದು ಪಂದ್ಯಕ್ಕೆ ಸುಮಾರು 6.4 ಲಕ್ಷ ಪೌಂಡ್.
1997–2001: 67 ಕೋಟಿ, 4 ವರ್ಷ, ವರ್ಷಕ್ಕೆ 60 ಪಂದ್ಯ. ಪಂದ್ಯಕ್ಕೆ 27.9 ಲಕ್ಷ.
2001–04: 120 ಕೋಟಿ, 3 ವರ್ಷ, ವರ್ಷಕ್ಕೆ 110 ಪಂದ್ಯ. ಪಂದ್ಯಕ್ಕೆ 36.4 ಲಕ್ಷ.
2004–07: 102.4 ಕೋಟಿ, 3 ವರ್ಷ, ವರ್ಷಕ್ಕೆ 138 ಪಂದ್ಯ. ಪಂದ್ಯಕ್ಕೆ 24.7 ಲಕ್ಷ.
2010–13: 177.3 ಕೋಟಿ, 3 ವರ್ಷ, ವರ್ಷಕ್ಕೆ 138 ಪಂದ್ಯ. ಪಂದ್ಯಕ್ಕೆ 42.8 ಲಕ್ಷ.
2013–16: 301.8 ಕೋಟಿ, 3 ವರ್ಷ, ವರ್ಷಕ್ಕೆ 154 ಪಂದ್ಯ. ಪಂದ್ಯಕ್ಕೆ 65.3 ಲಕ್ಷ.
2016–19: 513.6 ಕೋಟಿ, 3 ವರ್ಷ, ವರ್ಷಕ್ಕೆ 168 ಪಂದ್ಯ. ಪಂದ್ಯಕ್ಕೆ 1 ಕೋಟಿ 1.9 ಲಕ್ಷ.
2025–29: 670 ಕೋಟಿ, 4 ವರ್ಷ, ವರ್ಷಕ್ಕೆ ಕನಿಷ್ಠ 267 ಪಂದ್ಯ. ಪಂದ್ಯಕ್ಕೆ ಸುಮಾರು 62.7 ಲಕ್ಷ.

ಕೊನೆಯ ಎರಡು ಸಾಲುಗಳನ್ನು ಮಾತ್ರ ನೋಡಿ. “670 ಕೋಟಿ ಪೌಂಡ್, ದಾಖಲೆಯ ಒಪ್ಪಂದ” ಎಂಬ ತಲೆಬರಹ ಓದಿದರೆ ಫುಟ್‌ಬಾಲ್ ಇನ್ನೂ ಏರುತ್ತಿದೆ ಅನ್ನಿಸುತ್ತದೆ. ಆದರೆ ಈ ಒಪ್ಪಂದ ಮೂರು ವರ್ಷದ್ದಲ್ಲ, ನಾಲ್ಕು ವರ್ಷದ್ದು. ಪಂದ್ಯಗಳೂ ನೂರರಷ್ಟು ಹೆಚ್ಚಾಗಿವೆ. ಭಾಗಿಸಿ ನೋಡಿದರೆ ಒಂದು ಪಂದ್ಯದ ಬೆಲೆ 2016–19ಕ್ಕಿಂತ ಶೇಕಡಾ 38ರಷ್ಟು ಇಳಿದಿದೆ. ಅಂಗಡಿಯವನು ಬೆಲೆ ಇಳಿಸಿ ಹೆಚ್ಚು ಮಾಲು ಮಾರಿ ಒಟ್ಟು ವ್ಯಾಪಾರವನ್ನು ಕಾಪಾಡಿಕೊಂಡಂತೆ. ಒಟ್ಟು ಆದಾಯ ಮತ್ತು ಸರಾಸರಿ ಆದಾಯ ಬೇರೆ ಬೇರೆ ಎಂದು ನಾವು ಅರ್ಥಶಾಸ್ತ್ರದಲ್ಲಿ ಓದುವುದು ಇದನ್ನೇ. ಈ ನಡುವೆ ಹಣದ ಮೌಲ್ಯವೂ ಕುಸಿದಿದೆ. ಹಣದುಬ್ಬರವನ್ನು ಕಳೆದರೆ ಇಳಿಕೆ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಹಾಗಾದರೆ ಶಿಖರ ದಾಟಿದ್ದು ಖಚಿತವೇ? ಅವಸರ ಬೇಡ. ಪಟ್ಟಿಯಲ್ಲಿ 2004–07ರ ಸಾಲನ್ನು ನೋಡಿ. ಆಗಲೂ ಪಂದ್ಯದ ಬೆಲೆ 36.4 ಲಕ್ಷದಿಂದ 24.7 ಲಕ್ಷಕ್ಕೆ ಬಿದ್ದಿತ್ತು. ಆಗ ಯಾರಾದರೂ “ಫುಟ್‌ಬಾಲ್‌ನ ಕಾಲ ಮುಗಿಯಿತು” ಎಂದು ಬರೆದಿದ್ದರೆ ಲೆಕ್ಕ ಅವರ ಪರವಾಗಿಯೇ ಇರುತ್ತಿತ್ತು. ಆದರೆ ಮುಂದಿನ ಹನ್ನೆರಡು ವರ್ಷಗಳಲ್ಲಿ ಬೆಲೆ ನಾಲ್ಕು ಪಟ್ಟು ಏರಿತು. ಘಾಟಿ ಹತ್ತುವಾಗ ರಸ್ತೆ ಒಂದು ತಿರುವಿನಲ್ಲಿ ಸ್ವಲ್ಪ ಇಳಿಯುತ್ತದೆ, ಅಷ್ಟಕ್ಕೇ ಘಾಟಿ ಮುಗಿಯಿತು ಎನ್ನಲಾಗದು. ಶಿಖರ ಎಲ್ಲಿತ್ತು ಎಂಬುದು ದಾಟಿ ಬಹಳ ದೂರ ಬಂದ ಮೇಲೆ ಮಾತ್ರ ಗೊತ್ತಾಗುತ್ತದೆ.

3. ಬೆಲೆ ನಿರ್ಧರಿಸುವವರು ಯಾರು?

ಬೆಲೆ ಏರಿಳಿಯಲು ನೋಡುಗರು ಮಾತ್ರ ಕಾರಣವಲ್ಲ. ಪಟ್ಟಿಯಲ್ಲಿ 2013ರಲ್ಲಿ ಒಪ್ಪಂದದ ಒಟ್ಟು ಮೊತ್ತ ಒಮ್ಮೆಲೇ ಶೇಕಡಾ 70ರಷ್ಟು ಏರಿದೆ. ಇಂಗ್ಲೆಂಡಿನ ಜನ ಆ ವರ್ಷ ಇದ್ದಕ್ಕಿದ್ದಂತೆ ಹೆಚ್ಚು ಫುಟ್‌ಬಾಲ್ ನೋಡಲು ಶುರು ಮಾಡಿದರೇ? ಇಲ್ಲ. ಸ್ಕೈ ಸಂಸ್ಥೆಗೆ ಎದುರಾಗಿ ಬಿಟಿ ಎಂಬ ದೂರವಾಣಿ ಕಂಪನಿ ಹರಾಜಿಗೆ ಇಳಿಯಿತು. ಮೀನು ಹರಾಜಿನಲ್ಲಿ ಒಬ್ಬನೇ ಕೊಳ್ಳುವವನಿದ್ದರೆ ಒಂದು ಬೆಲೆ, ಇಬ್ಬರು ಹಟ ಹಿಡಿದರೆ ಇನ್ನೊಂದು ಬೆಲೆ. ನಮ್ಮ ಬಂದರ್‌ನ ದಕ್ಕೆಯಲ್ಲಿ ಬೆಳಗ್ಗೆ ನಿಂತು ನೋಡಿದವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ಕೊಳ್ಳುವವರು ಹಿಂದೆ ಸರಿದರೆ ಏನಾಗುತ್ತದೆ ಎಂಬುದಕ್ಕೆ ಫ್ರಾನ್ಸ್ ಉದಾಹರಣೆ. ಅಲ್ಲಿನ ಲೀಗ್ 2020ರಿಂದ ವರ್ಷಕ್ಕೆ ಸುಮಾರು 80 ಕೋಟಿ ಯೂರೋ ಕೊಡುವುದಾಗಿ ಹೇಳಿದ ಮೀಡಿಯಾಪ್ರೊ ಎಂಬ ಕಂಪನಿಗೆ ಹೆಚ್ಚಿನ ಪಂದ್ಯಗಳ ಹಕ್ಕನ್ನು ಮಾರಿತು. ಕೆಲವೇ ತಿಂಗಳಲ್ಲಿ ಕಂಪನಿ ಕಂತು ಕಟ್ಟದೆ ನಿಂತಿತು, ವರ್ಷದ ಕೊನೆಗೆ ಒಪ್ಪಂದ ಮುರಿಯಿತು. 2024ರಲ್ಲಿ ಡಾಝನ್ ಜೊತೆ ಮಾಡಿಕೊಂಡ ಒಪ್ಪಂದವೂ ಒಂದೇ ಋತುವಿಗೆ ಮುಗಿಯಿತು. 2025ರಲ್ಲಿ ಲೀಗ್ ತನ್ನದೇ ಚಾನೆಲ್ ತೆರೆಯಬೇಕಾಯಿತು. ಇದೇ ಅವಧಿಯಲ್ಲಿ ಫ್ರಾನ್ಸ್ 2022ರ ವಿಶ್ವಕಪ್ ಫೈನಲ್ ಆಡಿತು, 2025ರಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್ ಯುರೋಪಿನ ಚಾಂಪಿಯನ್ ಆಯಿತು. ಆಟ ಮೇಲಿತ್ತು, ಟಿವಿ ಬೆಲೆ ಕೆಳಗಿತ್ತು.

4. ನಮ್ಮ ದೇಶದ ಲೆಕ್ಕ

ಈಗ ಅಬ್ಬಾ ಕೇಳಿದ ಪ್ರಶ್ನೆಗೆ ಹತ್ತಿರ ಬರೋಣ. 2010ರ ಡಿಸೆಂಬರ್‌ನಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಗಳಿಗೆ 700 ಕೋಟಿ ರೂಪಾಯಿಗೆ ಐಎಂಜಿ–ರಿಲಯನ್ಸ್‌ಗೆ ಕೊಟ್ಟಿತು. ಅದರಿಂದ ಹುಟ್ಟಿದ್ದು ಇಂಡಿಯನ್ ಸೂಪರ್ ಲೀಗ್. 2014ರ ಅಕ್ಟೋಬರ್ 12ರಂದು ಕೋಲ್ಕತಾದಲ್ಲಿ ಮೊದಲ ಪಂದ್ಯ ನಡೆಯಿತು. ಎಂಟು ತಂಡ, ಎರಡು ತಿಂಗಳಿಗಿಂತ ಸ್ವಲ್ಪ ಹೆಚ್ಚು ಕಾಲ, 61 ಪಂದ್ಯ. ಡೆಲ್ ಪಿಯೆರೊ, ಪಿರೆಸ್ ಮುಂತಾದ ಹಳೆಯ ವಿದೇಶಿ ತಾರೆಯರು ಬಂದರು. ಸಚಿನ್ ತೆಂಡೂಲ್ಕರ್, ಸೌರವ್ ಗಂಗೂಲಿ ತಂಡಗಳ ಸಹ ಮಾಲೀಕರಾದರು. ಮೊದಲ ವರ್ಷವೇ ಟಿವಿಯಲ್ಲಿ 42.9 ಕೋಟಿ ಜನರನ್ನು ತಲುಪಿತು ಎಂದು ವರದಿಯಾಯಿತು.

ಇಲ್ಲಿ ಸಂಖ್ಯಾಶಾಸ್ತ್ರದವರು ಎಚ್ಚರವಾಗಬೇಕು. “ತಲುಪಿತು” ಎಂದರೆ “ನೋಡಿದರು” ಎಂದಲ್ಲ. ಚಾನೆಲ್ ಬದಲಿಸುತ್ತಾ ಹೋಗುವಾಗ ಒಂದೆರಡು ನಿಮಿಷ ನಿಂತವನೂ ತಲುಪಿದವರ ಲೆಕ್ಕಕ್ಕೆ ಸೇರುತ್ತಾನೆ, 90 ನಿಮಿಷ ಕದಲದೆ ಕುಳಿತವನೂ ಸೇರುತ್ತಾನೆ. ನಮ್ಮ ಕಾಲೇಜಿನ ನೋಟಿಸ್ ಬೋರ್ಡ್ ಮುಂದೆ ದಿನಕ್ಕೆ ನೂರಾರು ಜನ ನಡೆಯುತ್ತಾರೆ. ನೋಟಿಸ್ ಓದಿದವರು ಎಷ್ಟು ಮಂದಿ ಎಂದು ಶುಲ್ಕ ಕಟ್ಟುವ ಕೊನೆಯ ದಿನ ಗೊತ್ತಾಗುತ್ತದೆ.

ಅಳತೆಯ ವಿಧಾನವೂ ತಿಳಿದಿರಬೇಕು. ಭಾರತದಲ್ಲಿ ಬಾರ್ಕ್ ಸಂಸ್ಥೆ ಆಯ್ದ ಮನೆಗಳ ಟಿವಿಗೆ ಮೀಟರ್ ಜೋಡಿಸಿ ಅಂದಾಜು ಮಾಡುತ್ತದೆ. 2020ರಲ್ಲಿ ದೇಶದಲ್ಲಿ ಟಿವಿ ಇರುವ ಮನೆಗಳು ಸುಮಾರು 21 ಕೋಟಿ, ಮೀಟರ್ ಇದ್ದದ್ದು ಸುಮಾರು 44 ಸಾವಿರ ಮನೆಗಳಲ್ಲಿ. ಅಂದರೆ ಒಂದು ಮೀಟರ್ ಸುಮಾರು 4,800 ಮನೆಗಳ ಪರವಾಗಿ ಮಾತನಾಡುತ್ತದೆ. ಮಾದರಿ ಸಮೀಕ್ಷೆ ತಪ್ಪಲ್ಲ, ನಾವು ಪಾಠದಲ್ಲಿ ಓದುವುದೂ ಅದನ್ನೇ. ಆದರೆ ನನ್ನ ತಮ್ಮ ಪಂದ್ಯ ನೋಡುವುದು ಅಮ್ಮಿಯ ಮೊಬೈಲ್‌ನಲ್ಲಿ. ಟಿವಿಗೆ ಜೋಡಿಸಿದ ಮೀಟರ್‌ಗೆ ಅವನು ಕಾಣುವುದಿಲ್ಲ. ಟಿವಿ ನೋಡುಗರು ಕಡಿಮೆಯಾದರು ಎಂದರೆ ಆಟ ನೋಡುವವರು ಕಡಿಮೆಯಾದರು ಎಂದಾಗಬೇಕಿಲ್ಲ. 2022ರ ವಿಶ್ವಕಪ್ ಭಾರತದಲ್ಲಿ ಜಿಯೋಸಿನಿಮಾದಲ್ಲಿ ಉಚಿತವಾಗಿ ಸಿಕ್ಕಿತು. ಅರ್ಜೆಂಟೀನಾ–ಫ್ರಾನ್ಸ್ ಫೈನಲ್ ನಡೆದ ದಿನ ಅಲ್ಲಿ 3.2 ಕೋಟಿ ಜನ ನೋಡಿದರು ಎಂದು ವರದಿಯಾಗಿತ್ತು.

ಲೀಗ್ ವಿಷಯಕ್ಕೆ ಮರಳೋಣ. 2024–25ರ ಹೊತ್ತಿಗೆ ತಂಡಗಳು 13 ಆದವು. ಪ್ರತಿ ತಂಡಕ್ಕೆ 24 ಪಂದ್ಯ ಎಂದರೆ ಲೀಗ್ ಹಂತದಲ್ಲಿ 156, ನಾಕೌಟ್ ಸೇರಿ 163 ಪಂದ್ಯ. ಎರಡು ತಿಂಗಳ ಹಬ್ಬ ಏಳು ತಿಂಗಳ ದಿನಚರಿಯಾಯಿತು. ಆಟಕ್ಕೆ ಇದು ಒಳ್ಳೆಯದು, ಆಟಗಾರನಿಗೆ ವರ್ಷವಿಡೀ ಕೆಲಸ ಸಿಗುತ್ತದೆ. ಆದರೆ ಟಿವಿಯ ದೃಷ್ಟಿಯಲ್ಲಿ ಹಬ್ಬದ ಬಿರಿಯಾನಿಗೂ ದಿನದ ಊಟಕ್ಕೂ ವ್ಯತ್ಯಾಸವಿದೆ. ಇಳಿಯುವ ಸೀಮಾಂತ ತುಷ್ಟಿಗುಣ ನಿಯಮವನ್ನು ಇಲ್ಲಿ ನೆನಪಿಸಿಕೊಳ್ಳಬಹುದು.

ಇನ್ನೊಂದು ಬದಲಾವಣೆ ಕೊಳ್ಳುವವರ ಕಡೆ ಆಯಿತು. ಐಪಿಎಲ್‌ನ 2023–27ರ ಹಕ್ಕುಗಳು 48,390 ಕೋಟಿ ರೂಪಾಯಿಗೆ ಹೋದಾಗ ಡಿಸ್ನಿ ಸ್ಟಾರ್ ಮತ್ತು ವಯಾಕಾಂ18 ಎದುರಾಳಿಗಳಾಗಿದ್ದವು. 410 ಪಂದ್ಯಗಳ ಲೆಕ್ಕದಲ್ಲಿ ಒಂದು ಪಂದ್ಯಕ್ಕೆ ಸುಮಾರು 118 ಕೋಟಿ. 2024ರ ನವೆಂಬರ್‌ನಲ್ಲಿ ಆ ಇಬ್ಬರು ಎದುರಾಳಿಗಳ ವ್ಯವಹಾರ ಒಂದಾಗಿ ಜಿಯೋಸ್ಟಾರ್ ಆಯಿತು. ಹರಾಜಿನಲ್ಲಿ ಹಟ ಹಿಡಿಯುವ ಎರಡನೆಯವನು ಇಲ್ಲವಾದ. ಕೊಳ್ಳುವವರು ಕಡಿಮೆಯಾದ ಮಾರುಕಟ್ಟೆಯಲ್ಲಿ ಸಣ್ಣ ಮಾರಾಟಗಾರನಿಗೆ ಮೊದಲು ಪೆಟ್ಟು ಬೀಳುತ್ತದೆ.

5. 2025: ಯಾರೂ ಕೈ ಎತ್ತದ ಹರಾಜು

15 ವರ್ಷಗಳ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಹೊಸ ಒಪ್ಪಂದವಾಗದೆ ಋತು ಶುರು ಮಾಡಲಾಗದು ಎಂದು ಜುಲೈನಲ್ಲಿ ಲೀಗ್ ನಡೆಸುವ ಸಂಸ್ಥೆ ತಿಳಿಸಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿಯ ಸುದ್ದಿ ಬಂತು. 2013–14ರಲ್ಲಿ ಮೊದಲ ಯತ್ನದಲ್ಲೇ ಐ–ಲೀಗ್ ಗೆದ್ದ, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ, 2018–19ರಲ್ಲಿ ಐಎಸ್‌ಎಲ್ ಗೆದ್ದ ಕ್ಲಬ್ ಅದು. ಅಷ್ಟೇ ಅಲ್ಲ, ಅದೇ 2025ರ ಏಪ್ರಿಲ್ 12ರಂದು ಅದು ಐಎಸ್‌ಎಲ್ ಫೈನಲ್ ಆಡಿತ್ತು. ಫೈನಲ್ ಆಡಿದ ತಂಡಕ್ಕೇ ನಾಲ್ಕು ತಿಂಗಳೊಳಗೆ ಈ ಸ್ಥಿತಿ ಬಂದರೆ, ಇದು ಆಟದ ಸೋಲಲ್ಲ, ಲೆಕ್ಕದ ಸೋಲು ಎಂದು ನನಗೆ ಅನ್ನಿಸಿತು.

ನಂತರ ಸುಪ್ರೀಂ ಕೋರ್ಟಿನ ನಿಗಾದಲ್ಲಿ ಟೆಂಡರ್ ಕರೆಯಲಾಯಿತು. ಗೆದ್ದವರು ಫೆಡರೇಷನ್‌ಗೆ ವರ್ಷಕ್ಕೆ ಕನಿಷ್ಠ 37.5 ಕೋಟಿ ರೂಪಾಯಿ ಕೊಡಬೇಕೆಂದು ಷರತ್ತಿತ್ತು. ಹೋಲಿಸಿ ನೋಡಿ: ಒಂದು ಐಪಿಎಲ್ ಪಂದ್ಯದ ಹಕ್ಕಿನ ಹಣದಲ್ಲಿ ಇದನ್ನು ಮೂರು ವರ್ಷ ಕಟ್ಟಬಹುದು. ಆದರೂ ನವೆಂಬರ್ 7ರ ಗಡುವಿನೊಳಗೆ ಒಂದು ಬಿಡ್ ಕೂಡ ಬರಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಬಿಡ್ ಹಾಕುವವರಿಗೆ ಈ ಮೊತ್ತವಷ್ಟೇ ಅಲ್ಲ, ಲೀಗ್ ನಡೆಸುವ ಖರ್ಚೂ ಇತ್ತು. ಆದರೆ ಯಾರೂ ಕೈ ಎತ್ತದ ಹರಾಜು ಒಂದು ಮಾತು ಸ್ಪಷ್ಟವಾಗಿ ಹೇಳುತ್ತದೆ: ಆ ಬೆಲೆಗೆ ಬೇಡಿಕೆ ಇಲ್ಲ.

ಕೊನೆಗೆ 2026ರ ಫೆಬ್ರವರಿ 14ರಂದು ಲೀಗ್ ಶುರುವಾಯಿತು. 14 ತಂಡ, ಪ್ರತಿ ತಂಡ ಉಳಿದವುಗಳೊಂದಿಗೆ ಒಂದೊಂದೇ ಸಲ. 14 × 13 ÷ 2 = 91 ಪಂದ್ಯ. ಹಿಂದಿನ ವರ್ಷದ 163ರ ಮುಂದೆ ಇದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

6. ಹಾಗಾದರೆ ನಮ್ಮ ಊರಿನಲ್ಲಿ?

ಈ ಲೆಕ್ಕ ಹಿಡಿದುಕೊಂಡು ಹೊರಗೆ ಹೋದರೆ ಬೇರೆಯದೇ ಚಿತ್ರ ಕಾಣುತ್ತದೆ. ವಿಶ್ವಕಪ್ ಬಂದರೆ ಉಳ್ಳಾಲದಿಂದ ಕಾಸರಗೋಡಿನವರೆಗೆ ಬ್ರೆಜಿಲ್, ಅರ್ಜೆಂಟೀನಾ, ಪೋರ್ಚುಗಲ್ ಬಾವುಟಗಳು ಏಳುತ್ತವೆ. ನಮ್ಮ ತರಗತಿಯಲ್ಲಿ ಕಾಸರಗೋಡು ಕಡೆಯಿಂದ ರೈಲಿನಲ್ಲಿ ಬರುವ ಗೆಳತಿಯರ ಮನೆಯವರಿಗೆ ಕೇರಳ ಬ್ಲಾಸ್ಟರ್ಸ್ ತಂಡವೆಂದರೆ ಪ್ರಾಣ. 2016ರ ಐಎಸ್‌ಎಲ್ ಫೈನಲ್‌ನಲ್ಲಿ ಬ್ಲಾಸ್ಟರ್ಸ್ ಪರ ಗೋಲು ಹೊಡೆದ ಮೊಹಮ್ಮದ್ ರಫಿ ಕಾಸರಗೋಡು ಜಿಲ್ಲೆಯ ತ್ರಿಕ್ಕರಿಪುರದವರು. ಇಲ್ಲಿ ಪ್ರೀತಿಗೆ ಕೊರತೆ ಇಲ್ಲ. ಕೊರತೆ ಇರುವುದು ಆ ಪ್ರೀತಿ ಹಣವಾಗಿ ಆಟಗಾರನಿಗೆ ತಲುಪುವ ದಾರಿಗೆ.

2018ರ ಜೂನ್‌ನಲ್ಲಿ ಭಾರತದ ನಾಯಕ ಸುನಿಲ್ ಛೇತ್ರಿ ಒಂದು ವಿಡಿಯೊ ಮಾಡಿದ್ದರು. ಮುಂಬೈಯಲ್ಲಿ ಹಿಂದಿನ ಪಂದ್ಯಕ್ಕೆ 2,569 ಜನ ಮಾತ್ರ ಬಂದಿದ್ದರು. ಬೈಯಬೇಕಿದ್ದರೂ ಮೈದಾನಕ್ಕೆ ಬಂದು ಬೈಯಿರಿ ಎಂಬರ್ಥದಲ್ಲಿ ಅವರು ಕೇಳಿಕೊಂಡರು. ಮುಂದಿನ ಪಂದ್ಯದ ಟಿಕೆಟ್‌ಗಳೆಲ್ಲ ಮಾರಾಟವಾದವು. ಆಸಕ್ತಿ ಮೊದಲೇ ಇತ್ತು, ಕರೆಯುವವರು ಇರಲಿಲ್ಲ.

ನಾವು ಕೂಡ ಈ ಲೆಕ್ಕದ ಒಂದು ಭಾಗ. ಪ್ರೀಮಿಯರ್ ಲೀಗ್‌ನ ಹೊರದೇಶಗಳ ಹಕ್ಕಿನ ಮೌಲ್ಯ 2022–25ರ ಅವಧಿಯಲ್ಲಿ ಇಂಗ್ಲೆಂಡಿನ ಒಳಗಿನ ಮೌಲ್ಯವನ್ನು ಮೊದಲ ಬಾರಿಗೆ ಮೀರಿತು. ಮಂಗಳೂರಿನಲ್ಲಿ ಕುಳಿತು ಮ್ಯಾಂಚೆಸ್ಟರ್ ತಂಡದ ಅಂಗಿ ತೊಟ್ಟ ಹುಡುಗ ಅಲ್ಲಿನ ಕ್ಲಬ್‌ನ ಗ್ರಾಹಕ. ಅವನು ಬೆಂಗಳೂರಿನ ಕ್ಲಬ್‌ನ ಗ್ರಾಹಕನಾಗದಿದ್ದರೆ ಇಲ್ಲಿನ ಹುಡುಗರಿಗೆ ಸಂಬಳ ಎಲ್ಲಿಂದ ಬರಬೇಕು?

7. ನನ್ನ ಉತ್ತರ

ಅಬ್ಬಾಗೆ ಒಂದು ಹಾಳೆಯಲ್ಲಿ ಮೂರು ಸಾಲು ಬರೆದು ಕೊಟ್ಟೆ.

ಒಂದು, ಒಂದು ಪಂದ್ಯಕ್ಕೆ ಟಿವಿ ಕೊಡುವ ಬೆಲೆ ಇಂಗ್ಲೆಂಡಿನಂಥ ಕಡೆಯೂ ಸದ್ಯಕ್ಕೆ ಇಳಿದಿದೆ. ಅದೇ ಶಿಖರವೋ ತಿರುವೋ ಎಂದು ಈಗಲೇ ಹೇಳಲಾಗದು.
ಎರಡು, ಭಾರತದ ಲೀಗ್‌ಗೆ ಟಿವಿ ಹಣವನ್ನೇ ನಂಬಿ ನಿಲ್ಲಲು ಆಗಲಿಲ್ಲ. ಇದು ನಿಜ, ಮುಚ್ಚಿಡುವುದು ಬೇಡ.
ಮೂರು, ಆಟ ನೋಡುವವರು ಕಡಿಮೆಯಾಗಿದ್ದಾರೆ ಎಂದು ಈ ಯಾವ ಅಂಕಿಯೂ ಸಾಬೀತು ಮಾಡುವುದಿಲ್ಲ.

ಅಬ್ಬಾ ಎರಡನೆಯ ಸಾಲನ್ನು ಎರಡು ಸಲ ಓದಿದರು. ತಮ್ಮ ಮೂರನೆಯದನ್ನು. ಕೊನೆಗೆ ತೀರ್ಮಾನವಾದದ್ದು ಇಷ್ಟು: ಎಸ್‌ಎಸ್‌ಎಲ್‌ಸಿ ಮುಗಿಯುವವರೆಗೆ ಊರಲ್ಲೇ ಓದು, ಸಂಜೆ ಮೈದಾನ ತಪ್ಪಿಸುವುದು ಬೇಡ. ಆಮೇಲೆ ಲೆಕ್ಕವನ್ನು ಮತ್ತೆ ಹಾಕೋಣ. ತಮ್ಮನಿಗೆ ಪೂರ್ತಿ ಸಂತೋಷವಾಗಲಿಲ್ಲ. ನನಗೂ ಆಗಲಿಲ್ಲ. ಆದರೆ ಸುಳ್ಳು ಲೆಕ್ಕ ತೋರಿಸಿ ಕಳಿಸುವುದಕ್ಕಿಂತ, ಹೆದರಿ ಪೂರ್ತಿ ನಿಲ್ಲಿಸುವುದಕ್ಕಿಂತ ಇದು ಮೇಲು.

ಅಭ್ಯಾಸಕ್ಕೆ

ಈ ವರ್ಷ ಜೂನ್ 11ರಿಂದ ವಿಶ್ವಕಪ್. ತಂಡಗಳು 32ರಿಂದ 48ಕ್ಕೆ, ಪಂದ್ಯಗಳು 64ರಿಂದ 104ಕ್ಕೆ ಏರಿವೆ. ಪಂದ್ಯಗಳು ಅಮೆರಿಕ, ಕೆನಡಾ, ಮೆಕ್ಸಿಕೊಗಳಲ್ಲಿ, ಆದ್ದರಿಂದ ಅನೇಕ ಪಂದ್ಯಗಳು ನಮಗೆ ಮಧ್ಯರಾತ್ರಿಯಿಂದ ಬೆಳಗಿನವರೆಗೆ. ಟೂರ್ನಿ ಮುಗಿದ ಮೇಲೆ “ದಾಖಲೆ ವೀಕ್ಷಕರು” ಎಂಬ ತಲೆಬರಹ ಬಂದರೆ ಈ ಮೂರು ಪ್ರಶ್ನೆ ಕೇಳಿ ನೋಡಿ.

1. ಇದು ಒಟ್ಟು ಸಂಖ್ಯೆಯೋ, ಒಂದು ಪಂದ್ಯದ ಸರಾಸರಿಯೋ?
2. “ತಲುಪಿದವರು” ಎಷ್ಟು, ಪೂರ್ತಿ “ನೋಡಿದವರು” ಎಷ್ಟು?
3. ಹಿಂದಿನ ಸಲಕ್ಕಿಂತ ಪಂದ್ಯಗಳು ಎಷ್ಟು ಹೆಚ್ಚಾಗಿವೆ? ಶೇಕಡಾವಾರು ಲೆಕ್ಕ ಹಾಕಿ.

ಮೂರನೆಯದರ ಉತ್ತರ 62.5. ಮೊದಲೆರಡಕ್ಕೆ ಉತ್ತರ ಸಿಕ್ಕಿದವರು ನನಗೂ ತಿಳಿಸಿ. ಮನೆಯಲ್ಲಿ ಒಬ್ಬ ಕಾಯುತ್ತಿದ್ದಾನೆ.